ಅವತ್ತು ಯಾರೂ ನನ್ನನ್ನು ತಳ್ಳಲಿಲ್ಲ

ಒಂದು ಕಾಲದಲ್ಲಿ ನಿಮ್ಮ ತಾತ ದಿನಾ ಬೆಳಿಗ್ಗೆ ನನ್ನನ್ನು ತಳ್ಳುತ್ತಿದ್ದರು. ಕೋಪಕ್ಕಲ್ಲ. ಕೋಪ ಬಂದರೆ ಊಟ ಬಿಡುತ್ತಿದ್ದರೇ ಹೊರತು ಅವರು ಕೈ ಎತ್ತಿದವರಲ್ಲ. ನಾನು ಒಲೆಯ ಮುಂದೆಯೋ ಬಾವಿಕಟ್ಟೆಯ ಹತ್ತಿರವೋ ನಿಂತಿರುವಾಗ ಬಂದು, ಭುಜದ ಮೇಲೆ ಅಂಗೈ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಭಾರ ಬಿಡುತ್ತಾ, "ಎಲ್ಲಿಗೆ ಹೋಯ್ತು?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯ ಅಕ್ಕ ಇದನ್ನು ಗೋಡೆಯಾಚೆಯಿಂದ ಎರಡು ಮೂರು ದಿನ ನೋಡಿದರು. ಒಂದು ಮಧ್ಯಾಹ್ನ ಮೊರ ಕೇಳುವ ನೆಪದಲ್ಲಿ ಬಂದು ನನ್ನ ಕೈ ಹಿಡಿದು, "ಕಾಲು ಹೋದ್ಮೇಲೆ ನಿನ್ ಗಂಡಂಗೆ ಕೈ ಉದ್ದ ಆಯ್ತೇನೇ? ನಿಮ್ಮಣ್ಣಂಗೆ ಹೇಳಿ ಕಳಿಸ್ಲಾ?" ಎಂದರು. ನಾನು, "ಇಲ್ಲಕ್ಕ, ಅದು ಗರಡಿ ಸಾಮು" ಎಂದೆ. ಅವರು ನನ್ನ ಮುಖವನ್ನು ಇನ್ನಷ್ಟು ಮರುಕದಿಂದ ನೋಡಿ ಮೊರ ತೆಗೆದುಕೊಂಡು ಹೋದರು.

ಹೋದ ತಿಂಗಳು ನಿಮ್ಮಲ್ಲೊಬ್ಬರು ಮನೆಯ ಹಾಲ್‌ನಲ್ಲಿ ಕಣ್ಣು ಮುಚ್ಚಿ ನಿಂತು, ಪಾದದ ಕೆಳಗಿನ ನೆಲವನ್ನು ಗಮನಿಸುವುದನ್ನು ಹೊಸದಾಗಿ ಕ್ಲಾಸಿನಲ್ಲಿ ಹೇಳಿಕೊಟ್ಟರು ಎಂದು ನನಗೆ ತೋರಿಸಿದಿರಿ. ಅಜ್ಜಿಗೆ ಇದೆಲ್ಲ ಗೊತ್ತಾಗಲ್ಲ ಅಂತಲೂ ಅಂದಿರಿ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಹಳೆಯ ರೋಗ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ನೋಡೋಣ ಎಂದು ಕೂತಿದ್ದೇನೆ. ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ ಇದು, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಾನು ಮದುವೆಯಾಗಿ ಸಿದ್ದಾಪುರಕ್ಕೆ ಬಂದಾಗ ಅದಿನ್ನೂ ಹಳ್ಳಿಯೇ. ಲಾಲ್‌ಬಾಗಿನ ಗೋಡೆ ದಾಟಿದರೆ ಸೊಪ್ಪಿನ ತೋಟಗಳು, ಅದರಾಚೆ ಜಯನಗರದ ಬಡಾವಣೆಗೆಂದು ನೆಟ್ಟ ಕಲ್ಲುಗಳು. ಆ ಕಲ್ಲುಗಳು ವರ್ಷ ವರ್ಷ ಹತ್ತಿರ ಬಂದವು, ನಮ್ಮ ತುಂಡು ಜಮೀನೂ ಹೋಯಿತು. ಉಳಿದದ್ದು ಮನೆ, ಹಿತ್ತಲು, ಎರಡು ಎಮ್ಮೆ. ಮತ್ತೆ ಗರಡಿ. ಊರಿನ ಗರಡಿಮನೆಗೆ ನಿಮ್ಮ ತಾತನೇ ಉಸ್ತಾದರು. ಬೆಳಗಿನ ಜಾವ ಹಾಲು ಕರೆದು ಬಸವನಗುಡಿಯ ಮನೆಗಳಿಗೆ ಹಾಕಿ ಬಂದು, ಗರಡಿಗೆ ಹೋಗಿ ಹುಡುಗರಿಗೆ ಕುಸ್ತಿ ಹೇಳಿಕೊಡುತ್ತಿದ್ದರು. ಅವರ ಅಪ್ಪನೂ ಅಲ್ಲಿ ಉಸ್ತಾದರಾಗಿದ್ದವರು. ಉಸ್ತಾದರ ಮನೆಯಲ್ಲಿ ಗರಡಿಯ ಗದೆ ಇರಬೇಕೆಂಬುದು ಪದ್ಧತಿ. ನಮ್ಮ ನಡುಮನೆಯ ಮೂಲೆಯಲ್ಲಿ ಅದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ನಿಂತಿರುತ್ತಿತ್ತು. ಜಮೀನು ಹೋದ ದಿನ ಸಂಜೆ ಅವರು ಗದೆಗೆ ಎಣ್ಣೆ ಸವರುತ್ತಾ ಕೂತಿದ್ದರು. ಆಗಲೇ ನನಗೆ ತಿಳಿಯಿತು, ಇವರು ಏನು ಹೋದರೂ ತಡೆದುಕೊಳ್ಳುತ್ತಾರೆ, ಇದೊಂದು ಹೋಗಬಾರದು ಎಂದು.

ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಶನಿವಾರದ ಪೂಜೆಗೆ, ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣಿಗೆ ಕಲಸುವ ಅರಿಸಿನ, ಮಜ್ಜಿಗೆ, ಎಣ್ಣೆ ಎಲ್ಲವೂ ನಮ್ಮ ಮನೆಗಳಿಂದಲೇ ಹೋಗಬೇಕು. ಆದರೆ ಅದನ್ನು ಹೊಸ್ತಿಲ ಹೊರಗಿಟ್ಟು ಬರಬೇಕು. ಇಷ್ಟು ವರ್ಷ ನಾನು ಕಲಸಲು ಕೊಟ್ಟ ಮಜ್ಜಿಗೆ ಆ ಮಣ್ಣಿನಲ್ಲಿದೆ. ನಾನು ಆ ಮಣ್ಣನ್ನು ನೋಡಿದ್ದು ಅವರ ಲಂಗೋಟಿ ಒಗೆಯುವಾಗ ಮಾತ್ರ.

ಅವರ ಮೊಣಕಾಲು ಹೋದದ್ದು ಹೊಸಕೋಟೆ ಕಡೆಯ ಒಂದು ಕುಸ್ತಿಯಲ್ಲಿ. ಎದುರಾಳಿಯನ್ನು ಎತ್ತಿ ತಿರುಗುವಾಗ ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೂಳೆ ಕಟ್ಟುವವರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಮೂರು ತಿಂಗಳು ಕೂರಿಸಿದರು. ಬಿಚ್ಚಿದ ಮೇಲೆ ನಡೆಯಲು ಬಂತು, ಬಸ್ಕಿ ಹೊಡೆಯಲು ಬರಲಿಲ್ಲ. ಬಸ್ಕಿ ಹೊಡೆಯಲಾರದ ಉಸ್ತಾದರೆಂದರೆ ದನಿ ಹೋದ ಭಾಗವತರಿದ್ದ ಹಾಗೆ. ಜನ ನಮಸ್ಕಾರ ಮಾಡುತ್ತಾರೆ, ಆಟಕ್ಕೆ ಬೇರೆಯವರನ್ನು ಹುಡುಕುತ್ತಾರೆ.

ಆ ಮೂರು ತಿಂಗಳು ಅವರು ಹಿತ್ತಲ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನೋಡಲು ಇದ್ದದ್ದು ನಾನು, ಎಮ್ಮೆಗಳು. ಒಂದು ಎಮ್ಮೆಗೆ, ಹಾಲು ಕರೆಯುವವರನ್ನು ಮೈ ಕೊಟ್ಟು ಗೋಡೆಗೆ ಒತ್ತುವ ಕೆಟ್ಟ ಬುದ್ಧಿ ಇತ್ತು. ಗಂಡಸರಾದರೆ ಮೊಣಕೈಯಿಂದ ತಿವಿದು ಬಯ್ಯುತ್ತಿದ್ದರು. ನನಗೆ ಅಷ್ಟು ಶಕ್ತಿ ಎಲ್ಲಿ? ಅದು ಒತ್ತಿದಾಗ ನಾನು ಸುಮ್ಮನೆ ಸಡಿಲವಾಗಿಬಿಡುತ್ತಿದ್ದೆ. ಒಂದು ದಿನ ಅದು ಒತ್ತಲು ಬಂದು, ಆನಿಕೊಳ್ಳಲು ಏನೂ ಸಿಗದೆ, ಮುಂಗಾಲು ಮಡಚಿ ಎಡವಿತು. ಜಗಲಿಯಿಂದ ಅವರು, "ಇನ್ನೊಂದ್ಸಲ ಮಾಡು" ಎಂದರು.

"ಏನ್ ಮಾಡ್ಲಿ?"

"ಈಗ ಎಮ್ಮೆಗೆ ಮಾಡಿದ್ಯಲ್ಲ, ಅದು."

"ನಾನೇನೂ ಮಾಡ್ಲಿಲ್ಲ. ಅದೇ ಎಡವ್ತು."

"ಅದೇ ಎಡವೋ ಹಂಗೆ ನೀನೇನೋ ಮಾಡ್ದೆ. ಏನ್ ಮಾಡ್ದೆ, ಅದನ್ನ ಹೇಳು."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಬಾವಿಯಿಂದ ಬರುವಾಗ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಕಾಲನ್ನು ಹೇಗೆ ಇಡುತ್ತೇನೆ? ಬೆರಳು ಮೊದಲೋ ಹಿಮ್ಮಡಿ ಮೊದಲೋ? ತಿರುಗುವಾಗ ಉಸಿರು ಒಳಗಿರುತ್ತದೋ ಹೊರಗಿರುತ್ತದೋ? ನುಂಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಕೇಳಿಸಿಕೊಂಡ ಮೇಲೆ ನುಂಗುವುದೂ ಕಷ್ಟವಾಗುತ್ತದೆ. ಎಂಟು ವರ್ಷದವಳಿದ್ದಾಗಿನಿಂದ ನೀರು ಹೊತ್ತು ಒಂದು ಸಲವೂ ಬೀಳಿಸದಿದ್ದ ನಾನು, ಅವರು ಕೇಳಲು ಶುರುಮಾಡಿದ ವಾರದಲ್ಲೇ ತಾಮ್ರದ ಬಿಂದಿಗೆಯನ್ನು ಚಪ್ಪಡಿಯ ಮೇಲೆ ಹಾಕಿ ನೆಗ್ಗಿಸಿದೆ. ಅತ್ತೆ ಬದುಕಿದ್ದರೆ ಅವತ್ತು ನನಗೆ ಮಂಗಳಾರತಿ ಆಗುತ್ತಿತ್ತು. ನಿಮ್ಮ ತಾತ ಮಾತ್ರ ಬಿಂದಿಗೆಯ ಕಡೆ ತಿರುಗಿಯೂ ನೋಡದೆ, "ಕಾಲಿನ ಮೇಲೆ ಜ್ಞಾನ ಹೋದ ತಕ್ಷಣ ಬಿತ್ತು ನೋಡು" ಎಂದರು. ನನಗೆ ಅಳು ಬಂತು.

ದಬ್ಬೆ ಬಿಚ್ಚಿದ ಮೇಲೆ ತಳ್ಳುವುದು ಶುರು. ಸಾರು ಉಕ್ಕುತ್ತಿದ್ದರೂ ಸರಿ, ಮಗು ಅಳುತ್ತಿದ್ದರೂ ಸರಿ. ಮೊದಮೊದಲು ನಾನು ಬಿಗಿಯಾಗಿ ನಿಂತು ಎದುರು ಒತ್ತುತ್ತಿದ್ದೆ, ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಒಂದು ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವರು ಬಂದು ಕೈಯಿಟ್ಟಾಗ ನನಗೆ ಎಷ್ಟು ಬೇಸರವಾಯಿತೆಂದರೆ, ಒತ್ತಲೂ ಮನಸ್ಸಾಗದೆ ಒಂದು ನಿಟ್ಟುಸಿರು ಬಿಟ್ಟೆ. ಆ ಉಸಿರಿನ ಜೊತೆ ಅವರ ಕೈಯ ಭಾರ ನನ್ನ ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ, ಅಲ್ಲಿಂದ ಎಡಗಾಲಿನ ಹಿಮ್ಮಡಿಗೆ ಇಳಿದು ನೆಲಕ್ಕೆ ಹೋಯಿತು. ನೀರು ಇಳಿದ ಹಾಗೆ. ನಾನು ಅಲುಗಲಿಲ್ಲ. ಅಂಥ ಪೈಲ್ವಾನರು ಪೂರ್ತಿ ಮೈ ಬಿಟ್ಟು ಒತ್ತಿದರೂ ಅಲುಗಲಿಲ್ಲ, ಜರಡಿ ಕೂಡ ನಿಲ್ಲಲಿಲ್ಲ. "ಹಿಮ್ಮಡಿಗೆ ಹೋಯ್ತು" ಎಂದೆ. ಅವರು ನೆಲದ ಮೇಲೆ ಕೂತುಬಿಟ್ಟರು. ಆ ಸಂತೋಷವನ್ನು ನಾನು ಅವರ ಮುಖದಲ್ಲಿ ನೋಡಿದ್ದು ಎರಡೋ ಮೂರೋ ಸಲ.

ಆಮೇಲೆ ಅವರು ಅದಕ್ಕೆ ಮಾತು ಕಟ್ಟಿದರು. ಮಂಡಿ ಬೀಗ ಹಾಕಬಾರದು. ಉಸಿರು ಹಿಡಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಭಾರ ಬರುವ ಮುಂಚೆ ಅದಕ್ಕಾಗಿ ಕಾಯಬಾರದು. ಕಾದರೆ ಮೈ ಮುಂದಕ್ಕೆ ಹೋಗಿರುತ್ತದೆ. ಬಂದ ಮೇಲೆ ಇಳಿಸಬೇಕು, ಅಷ್ಟೇ. ಇದನ್ನು ಅವರು ಗರಡಿಗೆ ತೆಗೆದುಕೊಂಡು ಹೋದರು.

ಗರಡಿ ಎಂದರೆ ಊರಿಗೆ ಗೊತ್ತಿದ್ದದ್ದು ಎಣಿಕೆ. ಮುನ್ನೂರು ಬಸ್ಕಿ, ಐನೂರು ದಂಡ, ಬೆಳಗಾಗುವ ಮುಂಚೆ ಬೀದಿಯ ತುದಿಯವರೆಗೆ ಕೇಳುವ ಸಂಖ್ಯೆಗಳು. ಅವರು ಎಣಿಕೆ ನಿಲ್ಲಿಸಿದರು. ಹುಡುಗರ ಕಣ್ಣಿಗೆ ಟವಲು ಕಟ್ಟಿ ಮಟ್ಟಿಯಲ್ಲಿ ನಿಲ್ಲಿಸಿದರು. ಪಾದದ ಕೆಳಗಿನ ಮಣ್ಣಲ್ಲಿ ಎಲ್ಲಿ ತಂಪಿದೆ, ಎಲ್ಲಿ ಗಟ್ಟಿಯಿದೆ ಹೇಳಿ ಎಂದರು. ಒಬ್ಬನ ಮಣಿಕಟ್ಟನ್ನು ಇನ್ನೊಬ್ಬ ಎರಡು ಬೆರಳಲ್ಲಿ ಹಿಡಿದು, ಅವನು ಯಾವ ಕಾಲಿನ ಮೇಲೆ ನಿಂತಿದ್ದಾನೆಂದು ಹೇಳಬೇಕು. ಕೊನೆಗೆ ತಲೆಯ ಮೇಲೆ ತುಂಬಿದ ಮಡಕೆ. ಮೊದಲ ತಿಂಗಳು ಒಡೆದ ಮಡಕೆಗಳಿಗೆ ಲೆಕ್ಕವಿಲ್ಲ. ಕುಂಬಾರರ ಅಜ್ಜ ಒಬ್ಬರೇ ಈ ಹೊಸ ಸಾಮನ್ನು ಹೊಗಳಿದ್ದು.

ಊರು ಅದಕ್ಕೆ ಬಿಂದಿಗೆ ಗರಡಿ ಎಂದು ಹೆಸರಿಟ್ಟಿತು. ಲಂಗೋಟಿ ಹೆಗಲಿಗೆ ಹಾಕಿಕೊಂಡು ಹೋಗುವ ಹುಡುಗರನ್ನು ನಿಲ್ಲಿಸಿ, "ಏನ್ ಗುರು, ಇವತ್ತು ನಿಮ್ಮ ಬೀದೀಲಿ ನೀರು ಬಂತಾ?" ಎಂದು ಕೇಳುತ್ತಿದ್ದರು. ಹುಡುಗರ ಅಮ್ಮಂದಿರು ನೇರವಾಗಿ ಅವರನ್ನು ಕೇಳಲಾರದೆ ನನ್ನ ಹತ್ತಿರ ಬರುತ್ತಿದ್ದರು. ಮಗ ಎರಡು ಸೇರು ಹಾಲು ಕುಡಿದು ಅಲ್ಲಿ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾನಂತೆ, ಹಾಗೆ ನಿಲ್ಲುವುದಕ್ಕೆ ಮನೆಯಲ್ಲೇ ದೇವರ ಗೂಡಿಲ್ಲವೇ, ತೊಡೆ ನೋಡಿದರೆ ಕಡ್ಡಿ ಹಾಗಿದೆ ಎಂದು ದೂರುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದೆ. ಆ ನಿಂತುಕೊಳ್ಳುವುದು ನನ್ನಿಂದ ಬಂದದ್ದು ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಹೇಳಿದ್ದರೆ ಇನ್ನೂ ನಗೆಪಾಟಲು.

ಹುಡುಗರು ಕಲಿಯಲಿಲ್ಲವೆಂದಲ್ಲ. ಗರಡಿಯೊಳಗೆ, ತಮ್ಮ ತಮ್ಮಲ್ಲೇ ಆಡುವಾಗ ಚೆನ್ನಾಗಿ ಬರುತ್ತಿತ್ತಂತೆ. ಜನರ ಮುಂದೆ ನಿಂತರೆ ಎಲ್ಲ ಮರೆತು ಹಳೆಯ ಹಾಗೆ ಹಲ್ಲು ಕಚ್ಚಿ ಬಲ ಹಾಕುತ್ತಿದ್ದರು. ಹಲ್ಲು ಕಚ್ಚಲು ಬೇಕಾದ ತೊಡೆಯಂತೂ ಈಗ ಇರಲಿಲ್ಲ. ಆ ವರ್ಷ ಶಿವರಾತ್ರಿಯ ಕುಸ್ತಿಯಲ್ಲಿ ನಮ್ಮ ಗರಡಿಯ ಮೂವರೂ ಚಿತ್ ಆದರು.

ಗರಡಿಯ ಯಜಮಾನರು, ಊರಿಗೆಲ್ಲ ಹಿರಿಯರು, ಯುಗಾದಿ ಕಳೆದು ಒಂದು ಸಂಜೆ ಮನೆಗೆ ಬಂದರು. ನಾನು ಬಾಗಿಲ ಸಂದಿಯಿಂದ ಕಾಫಿ ಲೋಟ ಸರಿಸಿ ಒಳಗೆ ನಿಂತೆ. ಯಜಮಾನರಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ, ಅದೇ ಕಷ್ಟ. ಮೆಲ್ಲಗೆ ಮಾತಾಡಿದರು. ಪೇಟೆಯ ಕಡೆಯ ಉಸ್ತಾದರೊಬ್ಬರು ಬರಲು ಒಪ್ಪಿದ್ದಾರೆ ಎಂದರು. ಕೊನೆಗೆ ಹೇಳಿದ ಮಾತು ಮಾತ್ರ ನನಗೆ ಹಾಗೇ ನೆನಪಿದೆ. "ನೋಡಪ್ಪ, ನಿಮ್ಮಪ್ಪನ ಮುಖ ನೋಡಿ ಕೇಳ್ತಿದೀನಿ. ಬರೋ ಭಾನುವಾರ ನಾವು ನಾಕು ಜನ ಬರ್ತೀವಿ. ನಿನ್ ವಿದ್ಯೆ ಏನು ಅಂತ ಕಣ್ಣಿಗೆ ಕಾಣೋ ಹಂಗೆ ತೋರ್ಸು. ತೋರ್ಸಿದ್ರೆ ನೀನೇ ಉಸ್ತಾದ. ಇಲ್ಲಾಂದ್ರೆ ಗದೆ ಕೊಟ್ಬಿಡು, ಮನಸ್ಸಿಗೆ ಹಚ್ಕೋಬೇಡ."

ಅವರು ಹೋದ ಮೇಲೆ ನಿಮ್ಮ ತಾತ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತರು. ತಮ್ಮ ಮಂಡಿ ನಿಲ್ಲುವುದಿಲ್ಲ, ಹುಡುಗರು ಹಿರಿಯರ ಮುಂದೆ ಬಿಗಿಯುತ್ತಾರೆ. ಕಣ್ಣಿಗೆ ಕಾಣುವ ಹಾಗೆ ಮಾಡಬಲ್ಲವರು ಇಡೀ ಸಿದ್ದಾಪುರದಲ್ಲಿ ಒಬ್ಬರೇ ಎಂದರು. ಯಾರು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಆಗಲ್ಲ ಎಂದೆ. ಗರಡಿಯಲ್ಲಲ್ಲ, ನಮ್ಮ ಹಿತ್ತಲಲ್ಲೇ, ನುಗ್ಗೆ ಮರದ ಕೆಳಗೆ ಎಂದರು. ಆಗಲ್ಲ ಎಂದೆ. ಮುಖ ಎತ್ತಬೇಕಾಗಿಲ್ಲ, ಮಾತಾಡಬೇಕಾಗಿಲ್ಲ, ದಿನಾ ನಿಂತ ಹಾಗೆ ನಿಂತರೆ ಸಾಕು ಎಂದರು. ಪರಗಂಡಸರು ಮೈ ಮುಟ್ಟುವುದು ಹೇಗೆ ಎಂದೆ. ನಮ್ಮ ಮಕ್ಕಳಿದ್ದ ಹಾಗೆ ಎಂದರು. ನಮ್ಮ ಮಗುವಿಗಿನ್ನೂ ಎರಡು ವರ್ಷ, ಅವರು ಮಕ್ಕಳಿದ್ದ ಹಾಗೆ ಎಂದದ್ದು ಮೀಸೆ ಬಂದ ಇಪ್ಪತ್ತರ ಗಂಡಸರನ್ನು. ನನಗೇ ಆಗಿನ್ನೂ ಇಪ್ಪತ್ತಾರು. ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಅವರು ಕೇಳುವುದನ್ನು ಬಿಟ್ಟರು, ತಳ್ಳುವುದನ್ನೂ ಬಿಟ್ಟರು; ನಡುಮನೆಯಲ್ಲಿ ಕೂತು ಗದೆಗೆ ಎಣ್ಣೆ ಹಚ್ಚುತ್ತಿದ್ದರು. ಒಪ್ಪಿಕೊಂಡೆ. ಧೈರ್ಯದಿಂದಲ್ಲ, ಆ ಎಣ್ಣೆಯ ವಾಸನೆ ತಡೆಯಲಾರದೆ.

ಭಾನುವಾರ ಯಜಮಾನರು, ಇನ್ನು ಮೂವರು ಹಿರಿಯರು ಬಂದು ಹಿತ್ತಲ ಜಗಲಿಯಲ್ಲಿ ಕೂತರು. ಗರಡಿಯ ಏಳೆಂಟು ಹುಡುಗರು ಗೋಡೆ ಬದಿಗೆ ನಿಂತರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರದ ಕೆಳಗೆ ಹೋಗಿ ನಿಂತೆ. ಮೊದಮೊದಲು ನೆಲ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ನಿಮ್ಮ ತಾತ ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ಬಲಕ್ಕೆ ಬಲ ಕೊಡದೆ ಭಾರವನ್ನು ನೆಲಕ್ಕೆ ಇಳಿಸುವುದು ವಿದ್ಯೆ. ಇವಳ ತೂಕ ಎಷ್ಟಿದೆ ನೋಡಿ. ಈಗ ಗರಡಿಯಲ್ಲೇ ದೊಡ್ಡವನು ತಳ್ಳುತ್ತಾನೆ, ಇವಳು ಅಲುಗುವುದಿಲ್ಲ.

ಆ ದೊಡ್ಡ ಹುಡುಗ ಬಾಗಿಲು ತುಂಬುವಂಥವನು, ಸಿದ್ದಾಪುರದವನೇ, ನಮ್ಮ ಮನೆಯಲ್ಲಿ ಎಷ್ಟೋ ಸಲ ಮುದ್ದೆ ಉಂಡವನು. ಅವನು ನನ್ನ ಮುಂದೆ ಬಂದು ನಿಂತ. ಅವನ ಪಾದಗಳು ಕಾಣುತ್ತಿದ್ದವು. ಅವು ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಪಾದಗಳ ಮುಂದೆ ಅವನ ಮಂಡಿ ಬಂತು, ಆಮೇಲೆ ತಲೆ. ನನ್ನ ಕಾಲಿಗೆ ನಮಸ್ಕಾರ ಮಾಡಿ ಎದ್ದು, "ಉಸ್ತಾದ್ ಹೆಂಡ್ತಿ ಅಂದ್ರೆ ತಾಯಿ. ಹೆಂಗ್ ಕೈ ಮಾಡ್ಲಿ ಸ್ವಾಮಿ?" ಎಂದು ಹೋಗಿ ಗೋಡೆಗೆ ಆನಿಕೊಂಡ. ಎರಡನೆಯವನು ಬಂದ, ಅವನೂ ಕಾಲು ಮುಟ್ಟಿದ. ಮೂರನೆಯವನು ಬರುವ ಹೊತ್ತಿಗೆ ಸಾಲು ನಿಂತುಬಿಟ್ಟಿತ್ತು, ತೀರ್ಥ ಕೊಡುವ ಕಡೆ ನಿಂತ ಹಾಗೆ. ನಿಮ್ಮ ತಾತ, "ಲೋ, ಪೂಜೆ ಅಲ್ಲ ಕಣ್ರೋ, ತಳ್ರೋ" ಎನ್ನುತ್ತಿದ್ದರು. ಯಾರೂ ತಳ್ಳಲಿಲ್ಲ. ಜಗಲಿಯ ಮೇಲಿದ್ದ ಹಿರಿಯರೊಬ್ಬರು ಕೂತಲ್ಲೇ ಕೈ ಮುಗಿದು ಕಣ್ಣು ಒರೆಸಿಕೊಂಡರು. ನನ್ನ ಮಾನವನ್ನು ಹುಡುಗರು ಕಾಪಾಡುತ್ತಿದ್ದಾರೆಂದು ಅವರಿಗೆ ಹೆಮ್ಮೆ.

ಆಗ ನಿಮ್ಮ ತಾತ ತಾವೇ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿದರು. ನಾನು ಇಳಿಸಿದೆ. ಕಲ್ಲಿನ ಹಾಗೆ ನಿಂತಿದ್ದೆ. ಯಜಮಾನರು ನಕ್ಕು, "ಗಂಡ ಹೆಂಡ್ತಿ ಆಟ ಬಿಡಪ್ಪ. ನನ್ ಹೆಂಡ್ತೀನೂ ನಾನು ಹೇಳಿದ್ರೆ ಅಲ್ಲಾಡಲ್ಲ" ಎಂದರು. ಹುಡುಗರೂ ನಕ್ಕರು. ನಿಮ್ಮ ತಾತನ ಕಿವಿ ಕೆಂಪಾದದ್ದು ನನಗೆ ಕಂಡಿತು.

ಅಲ್ಲಿಯವರೆಗೆ ಇಷ್ಟು ಗಂಡಸರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಅವತ್ತು ಬಿಟ್ಟೆ. ದೊಡ್ಡ ಹುಡುಗನ ಕಡೆ ತಿರುಗಿ, "ಬಾರಪ್ಪ, ತಳ್ಳು. ನಾನು ಬೀಳಲ್ಲ" ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಅವನು ಯಜಮಾನರ ಮುಖ ನೋಡಿದ, ಅವರು ಆಗಲಿ ಎಂದು ತಲೆ ಆಡಿಸಿದರು. ಅವನು ಬಂದ. ದೊಡ್ಡ ಕೈಗಳನ್ನು ಎತ್ತಿದ. ಎತ್ತಿದ್ದು ನನಗೆ ಕಂಡಿತು. ಇವತ್ತು ಇದು ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬುದೊಂದೇ ತಲೆಯಲ್ಲಿ. ಬರಲಿರುವ ಆ ಭಾರಕ್ಕೆ ನನ್ನ ಮೈಯೆಲ್ಲ ಸಿದ್ಧವಾಗಿ ಮುಂದಕ್ಕೆ ಹೋಯಿತು. ಅವನ ಬೆರಳು ನನ್ನ ಭುಜವನ್ನು ಹೂವಿಟ್ಟ ಹಾಗೆ ಮುಟ್ಟಿ ಹಿಂದೆ ಸರಿದವು. ಏನೂ ಬರಲಿಲ್ಲ. ಬಾರದ ಭಾರದ ಮೇಲೆ ಆನಿಕೊಂಡಿದ್ದ ನಾನು ಮುಂದಕ್ಕೆ ಎಡವಿ, ಎರಡು ಹೆಜ್ಜೆ ಹಾಕಿ, ಅವನ ಕಾಲ ಹತ್ತಿರ ಅಂಗೈ ಊರಿ ಬಿದ್ದೆ.

"ಅಯ್ಯಯ್ಯೋ ತಾಯಿ" ಎಂದು ಎಲ್ಲರೂ ಎದ್ದರು. ಹುಡುಗ ಗಾಬರಿಯಿಂದ ತಾನೇನೂ ಮಾಡಲಿಲ್ಲ, ಆಣೆ ಮಾಡಿ ಹೇಳ್ತೀನಿ ಎಂದು ಅಳುವ ಹಾಗೆ ನಿಂತಿದ್ದ. ನಿಜ, ಅವನೇನೂ ಮಾಡಲಿಲ್ಲ. ಯಜಮಾನರು ನಿಮ್ಮ ತಾತನ ಬೆನ್ನು ತಟ್ಟಿ, ಸಾಕಪ್ಪ, ಹೆಣ್ಣುಮಗಳನ್ನು ಇಷ್ಟು ದೂರ ತರಬಾರದಿತ್ತು ಎಂದರು. ನಡುಮನೆಗೆ ಹೋಗಿ, ಗದೆಗೆ ಕೈ ಮುಗಿದು, ಹುಡುಗರ ಕೈಲಿ ಎತ್ತಿಸಿಕೊಂಡು ಹೊರಟರು. ಹುಡುಗರು ತಲೆ ತಗ್ಗಿಸಿ ಹಿಂದೆ ಹೋದರು.

ನಾನು ಅಂಗೈಯ ಮಣ್ಣು ಒರೆಸಿಕೊಳ್ಳುತ್ತಾ ನುಗ್ಗೆ ಮರದ ಕೆಳಗೇ ಕೂತಿದ್ದೆ. ನಿಮ್ಮ ತಾತ ಕುಂಟುತ್ತಾ ಬಂದು ಎದುರಿಗೆ ಕಾಲು ಚಾಚಿ ಕೂತರು. ಬಯ್ಯುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡೆ. ಅವರ ಮುಖದಲ್ಲಿ ಎರಡೂ ಇರಲಿಲ್ಲ. "ನೋಡಿದ್ಯಾ, ಕಾದೆ ನೀನು. ಅವನು ಕೈ ಎತ್ತಿದಾಗ್ಲೇ ಮುಂದಕ್ಕೆ ಹೋದೆ. ಎಷ್ಟು ಚೆನ್ನಾಗಿ ಕಾಣ್ತು ಅಂತೀಯ. ಅದೇ ವಿದ್ಯೆ, ತಲೆಕೆಳಗಾಗಿ ಕಾಣ್ತು ಅಷ್ಟೇ" ಎಂದರು. ಬೀದಿಯಲ್ಲಿ ಗದೆ ಹೋಗುತ್ತಿದೆ, ಇವರಿಗೆ ನಾನು ಬಿದ್ದ ರೀತಿಯ ಮೇಲೆ ಕಣ್ಣು. ಗದೆ ಹೋಗಬಾರದೆಂದು ನಾನು ಜನ್ಮಕ್ಕೆಲ್ಲ ಸಾಕಾಗುವಷ್ಟು ನಾಚಿಕೆಯನ್ನು ನುಂಗಿದ್ದೆ. ನನಗೆ ಮೈಯೆಲ್ಲ ಉರಿಯಿತು. "ಇನ್ಮೇಲೆ ನನ್ನ ತಳ್ಳಬೇಡಿ. ಏನೂ ಕೇಳ್ಬೇಡಿ" ಎಂದು ಒಳಗೆ ಹೋದೆ.

ಅವರು ನನ್ನ ಮಾತು ನಡೆಸಿದರು. ಅದೂ ನನ್ನ ಕರ್ಮ. ಮತ್ತೆ ಒಂದು ದಿನವೂ ತಳ್ಳಲಿಲ್ಲ, ಕೇಳಲಿಲ್ಲ. ಬೆಳಿಗ್ಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂರುವರು. ಗರಡಿಯಿಂದ ಹೊಸ ಉಸ್ತಾದರ ಎಣಿಕೆ ಕೇಳುವುದು. ಇವರು ಆ ಸಂಖ್ಯೆಗಳಿಗೆ ಬೆನ್ನು ಹಾಕಿ ಎಮ್ಮೆಯ ಮೈ ಉಜ್ಜುವರು. ನಾನು ಎಷ್ಟೋ ದಿನ ಒಲೆಯ ಮುಂದೆ ಬೇಕೆಂದೇ ನಿಧಾನವಾಗಿ ನಿಂತಿದ್ದೇನೆ, ಬಂದು ಕೈಯಿಡಲಿ ಎಂದು. ಬಾಯಿ ಬಿಟ್ಟು ಹೇಳಲಾಗಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಆ ದೊಡ್ಡ ಹುಡುಗ ಮದುವೆಯ ಕಾಗದ ಕೊಡಲು ಬಂದ. ಕುಸ್ತಿ ಬಿಟ್ಟು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ, ಖಾಕಿ ಹಾಕಿದ್ದ. ಇವರು ಮನೆಯಲ್ಲಿರಲಿಲ್ಲ. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಇಡುತ್ತಾ, ಅವತ್ತಿನದನ್ನು ನೆನೆದು, "ಅಮ್ಮಾವ್ರೆ, ಅವತ್ತು ನಾನು ತಳ್ಳಿದ್ರೆ ಉಸ್ತಾದ್ರು ಗರಡೀಲೇ ಇರ್ತಿದ್ರೇನೋ" ಎಂದ. ನನ್ನ ಹೊಟ್ಟೆಯಲ್ಲಿದ್ದುದನ್ನೇ ಆಡಿದ. "ಹಂಗಾದ್ರೆ ಈಗ ತಳ್ಳು" ಎಂದೆ. ಅವನು ನಕ್ಕು ಕೈ ಮುಗಿದ. ಮತ್ತೆ ಅದೇ ಕೈ ಮುಗಿಯುವುದು. ನನಗೆ ಏನು ಬಂತೋ ಗೊತ್ತಿಲ್ಲ, ಎರಡು ಅಂಗೈಯನ್ನೂ ಅವನ ಎದೆಗೆ ಕೊಟ್ಟು ಇದ್ದ ಶಕ್ತಿಯನ್ನೆಲ್ಲ ಹಾಕಿ ನಾನೇ ಅವನನ್ನು ತಳ್ಳಿಬಿಟ್ಟೆ.

ಅವನು ಕಾದಿರಲಿಲ್ಲ. ಕೈ ಇನ್ನೂ ಮುಗಿದೇ ಇತ್ತು. ನನ್ನ ಭಾರ ಅವನ ಎದೆಯಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ ಇಳಿದು ಹೋದದ್ದು ನನ್ನ ಅಂಗೈಗೆ ಗೊತ್ತಾಯಿತು. ಹಿಟ್ಟಿನ ಚೀಲವನ್ನು ಒತ್ತಿದ ಹಾಗೆ ಮೆತ್ತಗೆ, ಕೆಳಗೆ ಬಂಡೆ. ಅವನು ಒಂದು ಎಳೆಯಷ್ಟೂ ಅಲುಗಲಿಲ್ಲ. ತಾನು ಏನಾದರೂ ಮಾಡಿದೆನೆಂದು ಅವನಿಗೆ ತಿಳಿದೂ ಇಲ್ಲ. ಅಮ್ಮಾವ್ರಿಗೆ ಇನ್ನೂ ಕೋಪ ಹೋಗಿಲ್ಲ ಎಂದು ಪೆಚ್ಚಾಗಿ ಕಾಗದ ಇಟ್ಟು ಹೋದ. ಅವನಿಗೆ ಅಲ್ಲೇ ಹೇಳಬೇಕಿತ್ತು. ಮಾಡಿದ ಕೆಲಸಕ್ಕೆ ನಾಚಿಕೆಯಾಗಿ ನಾನು ಬಾಗಿಲ ಹಿಂದೆ ನಿಂತಿದ್ದೆ.

ಸಂಜೆ ಇವರಿಗೆ ಹೇಳಿದೆ. ಮಾರನೆಯ ದಿನವೇ ಒಗೆದ ಪಂಚೆ ಉಟ್ಟು, ಅವನ ಬಸ್ಸು ಹುಡುಕಿಕೊಂಡು ಹೋದರು. ಮಧ್ಯಾಹ್ನ ದಾಟಿದ ಮೇಲೆ ಬಂದರು. ಜಯನಗರದಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ವಾಪಸ್ಸು, ಎರಡು ಸಲ ಅವನ ಬಸ್ಸಿನಲ್ಲೇ ಕೂತಿದ್ದರಂತೆ. "ಕಂಬಿ ಹಿಡ್ಕೊಳಲ್ಲ ಕಣೆ ಅವನು" ಎಂದರು.

"ಯಾವ ಕಂಡಕ್ಟರೂ ಹಿಡ್ಕೊಳಲ್ಲ. ಎರಡು ಕೈಯಲ್ಲೂ ಟಿಕೆಟ್ ಇರತ್ತೆ."

"ಬೇರೆಯವ್ರು ಸೀಟಿಗೆ ಸೊಂಟ ಕೊಟ್ಟು ನಿಲ್ತಾರೆ. ಇವನು ಏನನ್ನೂ ಮುಟ್ಟಲ್ಲ. ನಡುದಾರೀಲಿ ನಿಂತಿರ್ತಾನೆ. ಬ್ರೇಕ್ ಹಾಕಿದ್ರೆ ಜನ ಎಲ್ಲ ಮುಂದಕ್ಕೆ ಬೀಳ್ತಾರೆ, ಇವನು ಚಿಲ್ಲರೆ ಎಣಿಸ್ತಿರ್ತಾನೆ."

ಅವನಿಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲ ಎಂದರು. ಯಾಕೆ ಎಂದೆ. ಹೇಳಿದರೆ ನಾಳೆಯಿಂದ ಕಂಬಿ ಹಿಡಿದುಕೊಳ್ಳುತ್ತಾನೆ ಎಂದರು. ಹಾಗಾದರೆ ಯಜಮಾನರಿಗಾದರೂ ಹೇಳಿ, ಆ ಬಸ್ಸಿನಲ್ಲಿ ಕೂರಿಸಿ ತೋರಿಸಿ, ಕಣ್ಣಿಗೆ ಕಾಣುವ ಹಾಗೆ ತೋರಿಸು ಎಂದದ್ದು ಅವರೇ ಅಲ್ಲವೇ ಎಂದು ನಾನು ಅವತ್ತು ಜೋರಾಗಿಯೇ ಕೂಗಾಡಿದೆ. ಪಕ್ಕದ ಮನೆಯ ಅಕ್ಕ ಗೋಡೆಯ ಹತ್ತಿರ ಬಂದು ನೋಡಿ ಹೋದರು. ಇವರು ಕೇಳಿಸಿಕೊಂಡು, ಯಜಮಾನರು ಬಸ್ಸು ಹತ್ತುವುದಿಲ್ಲ, ಜಟಕಾದಲ್ಲೇ ಓಡಾಡುವುದು ಎಂದು ಹೇಳಿ ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು.

ಆಮೇಲೆ ನಾನು ಬಸ್ಸು ಹತ್ತಿದಾಗಲೆಲ್ಲ ಕಂಡಕ್ಟರುಗಳ ಸೊಂಟ ನೋಡಿದ್ದೇನೆ, ಯಾರಾದರೂ ಗಮನಿಸಿದರೆ ಏನೆಂದುಕೊಂಡಾರು ಎಂಬ ಭಯದಲ್ಲೇ. ಇವರು ಹೇಳಿದ್ದು ನಿಜ, ಎಲ್ಲರೂ ಸೀಟಿಗೆ ಆನಿಕೊಂಡೇ ನಿಲ್ಲುತ್ತಾರೆ. ಅವನ ಬಸ್ಸು ಮಾತ್ರ ನನಗೆ ಒಂದು ಸಲವೂ ಸಿಗಲಿಲ್ಲ.